ಕಿಟಕಿಯಲ್ಲಿ ಒಣಗಿದ ಮಸಿ

ಆಗ ನನಗೆ ಅರವತ್ತೆಂಟು. ಈಗ್ಗೆ ನಾಲ್ಕು ವರ್ಷವಾಯಿತು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಆದರೂ ಕರ್ರಗಿರುವುದೆಲ್ಲ ಏನೆಂದು ನೋಡಿದೊಡನೆ ಹೇಳಬಲ್ಲೆ ಎಂಬ ಜಂಬವಿತ್ತು. ದೀಪದ ಮೇಲೆ ತಟ್ಟೆ ಕವುಚಿ ಮಸಿ ಹಿಡಿದು, ತೊಟ್ಟು ತೊಟ್ಟೇ ಹರಳೆಣ್ಣೆ ಬಿಟ್ಟು ಕಾಡಿಗೆ ತೇಯ್ದು, ಪೂರಿಗಾಲಿಯ ನಮ್ಮ ಬೀದಿಯ ಕೂಸುಗಳಿಗೆಲ್ಲ ದೃಷ್ಟಿಬೊಟ್ಟು ಇಟ್ಟವಳು ನಾನೇ ಅಲ್ಲವೆ?

ಆ ಭಾನುವಾರ ಸಂಜೆ ಪಕ್ಕದ ಮನೆಯ ಗೌರಿ ಬೊಟ್ಟಿಡಿಸಲು ಕೂಸನ್ನೆತ್ತಿಕೊಂಡು ಬಂದಳು. ಕಿಟಕಿಯಲ್ಲಿ ಗಾಜಿನ ಚೂರಿನ ಮೇಲೆ ಕಪ್ಪಗೆ ಏನೋ ಒಣಗಿತ್ತು. ನನ್ನ ಕಾಡಿಗೆಯೇ ಎಂದುಕೊಂಡು ಎಣ್ಣೆ ಬಿಟ್ಟು ಉಜ್ಜಿದೆ. ಬೆರಳಿಗೆ ಹತ್ತಲಿಲ್ಲ. ಉಗುರಿನಲ್ಲಿ ಕೆರೆದೆ, ಪಟ್ಟಿಯಾಗಿ ಎದ್ದು ಬಂದು, ಎಳೆದಷ್ಟೂ ಉದ್ದವಾಗಿ, ಕಡೆಗೆ ಎರಡು ತುಂಡಾಯಿತು.

"ಏನಜ್ಜಿ, ನಿನ್ ಕಾಡ್ಗೆ ರಬ್ಬರಾಗೋಗದೆ," ಎಂದಳು ಗೌರಿ.

"ಸುಮ್ಕಿರೇ. ಎಣ್ಣೆ ಸಾಲ್ದು."

ಅಷ್ಟರಲ್ಲಿ ಒಳಗೆ ಬಂದ ಮೊಮ್ಮಗಳು ಸವಿತಾ ನಿಂತಲ್ಲೇ ನಿಂತಳು. ಮಂಡ್ಯದ ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು. ತಿಂಗಳುಗಟ್ಟಲೆ ಮಾಡಿದ್ದೆಲ್ಲ ಒಡೆದು, ಒಡೆಯದೆ ಬಂದ ಒಂದೇ ಪಟ್ಟಿ ಅದು. ಕಣ್ಣೆದುರೇ ಒಣಗಲೆಂದು ಮನೆಗೆ ತಂದಿದ್ದಳು. ಬೆಳಿಗ್ಗೆ ಮೇಷ್ಟರಿಗೆ ತೋರಿಸದಿದ್ದರೆ ಆ ಕೆಲಸ ಅವಳ ಕೈತಪ್ಪುತ್ತಿತ್ತು.

ಕೂಸು ಬೊಟ್ಟಿಲ್ಲದೆಯೇ ಮನೆಗೆ ಹೋಯಿತು. ಸವಿತಾಳ ಜಾಗದಲ್ಲಿ ನಾನಾಗಿದ್ದರೆ ಬಾರಿಸಲು ಪೊರಕೆ ಹುಡುಕುತ್ತಿದ್ದೆ. ಅವಳು ನನ್ನ ಪಕ್ಕ ಕುಳಿತಳು.

"ಇದೂ ಮಸಿ ತರದ್ದೇ ಕಣಜ್ಜಿ. ಕೂದ್ಲನ್ನ ಸಾವ್ರ ಸೀಳಿದ್ರೂ ಅದ್ಕಿಂತ ಸಣ್ಣ ಕೊಳವೆಗಳು. ಅಂಗೇ ಬುಟ್ರೆ ಒಂದಕ್ಕೊಂದು ಅಂಟ್ಕೊಂಡು ಗಂಟಾಯ್ತವೆ."

"ರಾಗಿ ಇಟ್ಟಿನಂಗೆ."

"ಊಂ. ರೇಷ್ಮೆ ನೂಲಲ್ಲಿ ಪ್ರೋಟೀನಿರ್ತದಲ್ಲ, ಅಂತಾ ಎಳೇನ ಮಣಿ ಪೋಣಿಸ್ದಂಗೆ ನಾವೇ ಪೋಣಿಸಿ ಮಾಡ್ತೀವಿ. ಅದು ಕೊಳವೆಗಳ್ನ ಬ್ಯಾರೆ ಬ್ಯಾರೆ ಇಡ್ಕೊಂಡಿರ್ತದೆ. ಪಟ್ಟಿ ಮೆತ್ತಗೂ ಇರ್ತದೆ, ಅದ್ರಲ್ಲಿ ಕರೆಂಟೂ ಓಯ್ತದೆ."

"ಈಗ ತುಂಡಾಯ್ತಲ್ಲ?"

"ಇದೂ ಒಡೀತು, ನಿನ್ ಕೈಲಾಗಲ್ಲ ಅಂತಾರೆ ಮೇಷ್ಟ್ರು. ಬುಡಜ್ಜಿ."

ನನ್ನ ಕೈಯಲ್ಲಿ ಹಾಳಾದದ್ದಕ್ಕೆ ಬೈದವರುಂಟು, ಹೋಗಲಿ ಎಂದವರೂ ಉಂಟು. ಹಾಳಾದದ್ದು ಏನೆಂದು ಪಕ್ಕದಲ್ಲಿ ಕೂತು ತಿಳಿಸಿದವಳು ಅವಳೊಬ್ಬಳೇ. ಓದು ಬಾರದವಳಿಗೆ ಇದೆಲ್ಲ ಯಾಕೆ ಎಂದು ಆ ಹುಡುಗಿಗೆ ತೋಚಲೇ ಇಲ್ಲ. ಆ ಉಪಕಾರವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಆ ರೂಢಿಯಿಲ್ಲ.

ಮಾರನೆಯ ಬೆಳಿಗ್ಗೆ ಅವಳಿಗಿಂತ ಮೊದಲೇ ಸೀರೆ ಉಟ್ಟು ನಿಂತೆ. ಅವಳ ಜೊತೆಗೇ ಮಳವಳ್ಳಿಯಲ್ಲೊಮ್ಮೆ, ಮದ್ದೂರಿನಲ್ಲೊಮ್ಮೆ ಬಸ್ಸು ಬದಲಿಸಿ, ಮಂಡ್ಯದಲ್ಲಿ ಅವಳ ಮೇಷ್ಟರ ಮೇಜಿನ ಮೇಲೆ ಎರಡು ತುಂಡನ್ನೂ ಇಟ್ಟು ಹೇಳಿದೆ: "ಇದು ತಾನಾಗಿ ಒಡೀಲಿಲ್ಲ ಸ್ವಾಮಿ, ನಾನು ಉಗುರಾಕಿ ಕಿತ್ತಿದ್ದು. ತುಂಡಾಗೋಕ್ ಮುಂಚೆ ಎಷ್ಟುದ್ದ ಬಂತು ಅಂತ ಕಂಡೋಳು ನಾನು. ಬರ್ಕೊಳಿ, ಯೋಳ್ತೀನಿ."