ನಾಳೆ ನಿಮ್ಮೂರಿಗೆ ತಂತಿ

ಎಪ್ಪತ್ತರ ದಶಕದಲ್ಲಿ ನಾನು ಟೆಲಿಫೋನ್ ಲೈನ್‌ಮನ್. ಶ್ರೀರಾಂಪುರದ ಹತ್ತಿರದ ಹಳ್ಳಿಯೊಂದಕ್ಕೆ ಮೊದಲ ಫೋನು ಕೊಡಲು ಕಂಬ ನೆಡುತ್ತಿದ್ದೆವು. ಜಗಲಿ ಮೇಲೆ ಕೂತಿದ್ದ ಅಜ್ಜಿಗೆ ಜಂಬದಿಂದಲೇ ಹೇಳಿದೆ: "ಅಜ್ಜೀ, ನಾಳೆ ನಿಮ್ಮೂರಿಗೆ ತಂತಿ ಬರ್ತೈತೆ."

ಅಜ್ಜಿ ಎದೆ ಹಿಡಿದುಕೊಂಡರು. "ಅಯ್ಯೋ, ಯಾರು ಹೋದ್ರಪ್ಪಾ?"

ಅವರಿಗೆ ತಂತಿ ಅಂದರೆ ಟೆಲಿಗ್ರಾಂ; ಅದು ಬರುತ್ತಿದ್ದದ್ದೇ ಸಾವಿನ ಸುದ್ದಿ ಹೊತ್ತು.

"ಯಾರೂ ಹೋಗಿಲ್ಲ ಅಜ್ಜಿ, ಇದು ಫೋನಿನ ತಂತಿ. ದೇಶದ ಫೋನೆಲ್ಲ ಸರ್ಕಾರದ್ದೇ, ಅವರೇ ಹಾಕಿಸ್ತಾ ಅವ್ರೆ."

"ಸರ್ಕಾರದ್ದಾ?" ಅಜ್ಜಿ ಸುಧಾರಿಸಿಕೊಂಡರು. "ಹಂಗಾದ್ರೆ ಅದು ಬರಾದ್ರೊಳಗೆ ನಾನೇ ಹೋಗಿರ್ತೀನಿ ಬಿಡು."

ನನಗೆ ರೋಷ ಬಂತು. ಮರುದಿನ ಸಂಜೆಯೊಳಗೆ ತಂತಿ ಎಳೆದು, ಅಂಚೆ ಕಚೇರಿಯ ಫೋನನ್ನು ಅಜ್ಜಿಯ ಕೈಗೇ ಕೊಟ್ಟೆ. ಆ ಕಡೆಯ ಆಪರೇಟರಿಗೆ ಅವರು ಕೂಗಿ ಹೇಳಿದರು:

"ಕೇಳಪ್ಪಾ, ನಾನಿನ್ನೂ ಹೋಗಿಲ್ಲ!"