ಒಂದು ಗೇಟಿನಷ್ಟು ಹೊಲಿಗೆ

ನಾನು ಚಿಕ್ಕವಳಿದ್ದಾಗ ನಮ್ಮ ಅವ್ವ ಹೊತ್ತನ್ನು ಗಡಿಯಾರದಿಂದ ಅಳೆಯುತ್ತಿರಲಿಲ್ಲ, ಕೊಡದಿಂದ ಅಳೆಯುತ್ತಿದ್ದಳು. ಎರಡು ಕೊಡ ತುಂಬುವಷ್ಟು ಹೊತ್ತು ಎಂದರೆ ಅದೊಂದು ಲೆಕ್ಕ. ರೈಲ್ವೆ ಗೇಟು ಹಾಕಿ ತೆಗೆಯುವಷ್ಟು ಹೊತ್ತು ಎಂದರೆ ಅದು ಇನ್ನೊಂದು ಲೆಕ್ಕ. ಒಂದು ಗೇಟಿನಷ್ಟು ಕೆಲಸ ಉಳಿದಿದೆ ಎಂದು ಅವಳು ಹೇಳಿದರೆ ಮನೆಯಲ್ಲಿ ಎಲ್ಲರಿಗೂ ಸರಿಯಾಗಿ ತಿಳಿಯುತ್ತಿತ್ತು. ಗಡಿಯಾರ ಇರಲಿಲ್ಲವೆಂದಲ್ಲ. ಇತ್ತು, ಕಾಲು ಗಂಟೆ ಹಿಂದೆ ಓಡುತ್ತಿತ್ತು, ಅವ್ವ ಅದನ್ನು ನಂಬುತ್ತಿರಲಿಲ್ಲ.

ನಾವು ಯಾದಗಿರಿ ಕಡೆಯವರು. ಅಪ್ಪನಿಗೆ ಗಾರೆ ಕೆಲಸ ಸಿಕ್ಕಿದ ಮೇಲೆ ಬೆಂಗಳೂರಿಗೆ ಬಂದು, ಕಗ್ಗದಾಸಪುರದ ಒಂದು ವಠಾರದಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದೆವು. ಆಗಿನ್ನೂ ಅದು ಅರ್ಧ ಹಳ್ಳಿ. ವಠಾರದ ಹಿಂದೆ ರಾಗಿ ಹೊಲ, ಮುಂದೆ ಎಸ್‌ಟಿಡಿ ಬೂತು. ಎಂಟು ಮನೆಗೆ ಒಂದೇ ನಲ್ಲಿ. ಅವ್ವ ಇಂದಿರಾನಗರದ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಹೋಗುವಾಗ ಬರುವಾಗ ರೈಲ್ವೆ ಗೇಟು ದಾಟಬೇಕು. ಅವ್ವ ಬರುವುದನ್ನೇ ಕಾಯುತ್ತಿದ್ದವರಂತೆ ಗೇಟಿನವರು ಅದೇ ಹೊತ್ತಿಗೆ ಗೇಟು ಹಾಕುತ್ತಿದ್ದರು.

ಆ ವರ್ಷ ಅಕ್ಕ ಚೊಚ್ಚಲ ಬಾಣಂತನಕ್ಕೆ ನಮ್ಮ ಆ ಒಂದೇ ಕೋಣೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ನಮ್ಮ ಕಡೆ ಕೂಸು ಐದು ತಿಂಗಳಿಗೆ ತನ್ನ ಅಪ್ಪನ ಮನೆಗೆ ಹೊರಡುವಾಗ ತವರಿನ ಕೌದಿಯ ಮೇಲೆ ಮಲಗಿಯೇ ಹೋಗಬೇಕು. ಕೌದಿ ಎಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದದ್ದು. ಅಂಗಡಿಯ ಹೊದಿಕೆ ಎಷ್ಟು ಚೆಂದವಿದ್ದರೂ ನಡೆಯುವುದಿಲ್ಲ. ಬಾಣಂತಿ ಸೂಜಿ ಹಿಡಿದರೆ ಕಣ್ಣು ಹಾಳು ಎಂದು ಅಕ್ಕನಿಗೆ ಹೊಲಿಯಲು ಬಿಡುವಂತಿರಲಿಲ್ಲ. ನಿನಗೆ ಪುರುಸೊತ್ತು ಎಲ್ಲಿದೆ, ಕೌದಿ ಬೇಡ ಬಿಡು ಎಂದು ಅಕ್ಕ ಸಪ್ಪೆ ಮುಖ ಮಾಡಿದಾಗ ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು:

"ಪುರುಸೊತ್ತು ಯಾರಿಗೂ ಇಡೀ ಸೀರಿ ಆಗಿ ಸಿಗಂಗಿಲ್ಲ ಮಗಳ. ತುಂಡು ತುಂಡೇ ಸಿಗ್ತದ. ನಾವು ಕೂಡಿಸಿ ಹೊಲಿಬೇಕು."

ಅವತ್ತಿನಿಂದ ಅವಳ ವಾಯರ್ ಬ್ಯಾಗಿನಲ್ಲಿ ಆ ಪುಟ್ಟ ಕೌದಿಯೂ ಸೂಜಿದಾರವೂ ಸೇರಿಕೊಂಡವು. ನಲ್ಲಿಯ ಕೆಳಗೆ ಕೊಡ ಇಟ್ಟು ಪಕ್ಕದ ಕಲ್ಲಿನ ಮೇಲೆ ಕುಳಿತು ಹೊಲಿಯುತ್ತಿದ್ದಳು. ಕೊಡ ತುಂಬುತ್ತ ಬಂದ ಹಾಗೆ ನೀರಿನ ಸದ್ದು ಸಣ್ಣದಾಗುತ್ತದಲ್ಲ, ಅದನ್ನು ಕೇಳಿಯೇ ತಲೆ ಎತ್ತದೆ ಕೈ ಚಾಚಿ ನಲ್ಲಿ ತಿರುಗಿಸುತ್ತಿದ್ದಳು. ಗೇಟು ಬಿದ್ದರೆ ಎಲ್ಲರೂ ಗೊಣಗುತ್ತಿದ್ದರು, ಅವ್ವ ಮಾತ್ರ ಸೂಜಿ ತೆಗೆಯುತ್ತಿದ್ದಳು. ಒಂದು ಗೇಟಿಗೆ ಎರಡು ಗೇಣು. ಅವಳ ಹಳೆಯ ಇಳಕಲ್ ಸೀರೆ, ಅಪ್ಪನ ಲುಂಗಿ, ಅಕ್ಕನ ಶಾಲೆಯ ಲಂಗ, ನನ್ನ ಹರಿದ ಫ್ರಾಕು ಎಲ್ಲ ಅದರಲ್ಲಿದ್ದವು. ವಠಾರದ ಮನೆಯೊಡತಿ ಅಜ್ಜಿ ಕೂಡ ಒಂದು ದಿನ ತಮ್ಮ ಹಸಿರು ಸೀರೆಯ ಸೆರಗು ತಂದುಕೊಟ್ಟು, "ಇದ್ನೂ ಸೇರಿಸ್ಕೊಳವ್ವ, ಮಗೀಗೆ ತಂಪಾಗಿರ್ತದೆ" ಎಂದರು.

ಅಕ್ಕ ಹೊರಡುವ ದಿನ ಬಂದೇಬಿಟ್ಟಿತು. ಭಾನುವಾರ. ಇಂದಿರಾನಗರದ ಮನೆಯವರಿಗೆ ಅವತ್ತು ರಜೆ, ಆದ್ದರಿಂದ ಅವ್ವನಿಗೆ ರಜೆ ಇಲ್ಲ. ಸಂಜೆಗೆ ದಂಡು ಸ್ಟೇಷನ್ನಿನಿಂದ ರೈಲು. ಅವ್ವ ನಸುಕಿನಲ್ಲೇ ಎದ್ದು ಶೇಂಗಾದ ಹೋಳಿಗೆ ಮಾಡಿ, ಬುತ್ತಿಗೆ ರೊಟ್ಟಿ ಬಡಿದಿದ್ದಳು. ಕೋಣೆಯ ತುಂಬ ಹುರಿದ ಶೇಂಗಾ, ಬೆಲ್ಲ, ಸೀಮೆಎಣ್ಣೆ ಸ್ಟೌವಿನ ವಾಸನೆ. ಕೌದಿಯ ಒಂದು ಬದಿ ಮಾತ್ರ ಬಾಯಿ ತೆರೆದುಕೊಂಡು ಉಳಿದಿತ್ತು, ನಾಲ್ಕು ಗೇಣು. ಅದನ್ನು ಅವ್ವ ನನ್ನ ಕೈಗೆ ಕೊಟ್ಟಳು. ಜೊತೆಗೆ ಕಾಗದದಲ್ಲಿ ಸುತ್ತಿದ ಒಣ ಜೋಳದ ರೊಟ್ಟಿಯ ಚೂರು. ಬಾಯಿ ಮುಚ್ಚುವ ಮೊದಲು ಅದನ್ನು ಒಳಗಿಟ್ಟು ಕೌದಿಯ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿಯ ಮೇಲೆ ಮಲಗಿದ ಕೂಸು ರಾತ್ರಿಯೆಲ್ಲ ಅಳುತ್ತದಂತೆ.

ನನಗಾಗ ಒಂಬತ್ತು ವರ್ಷ. ಅವ್ವ ನನ್ನನ್ನು ನಂಬಿ ಇಷ್ಟು ದೊಡ್ಡ ಕೆಲಸ ಕೊಟ್ಟದ್ದು ಅದೇ ಮೊದಲು. ಕೊಡ ತುಂಬುವಾಗ ಒಂದು ಗೇಣು ಹೊಲಿದೆ. ಕೂಸಿನ ಸ್ನಾನದ ನೀರು ಕಾಯುವಾಗ ಇನ್ನೊಂದು. ಮಿಕ್ಕದ್ದನ್ನು ಕೂಸು ಜೋಲಿಯಲ್ಲಿ ಮಲಗಿದಾಗ, ಜೋಲಿಯ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು ತೂಗುತ್ತ ಹೊಲಿಯತೊಡಗಿದೆ. ಕೂಸು ನಿದ್ದೆಯಲ್ಲೇ ನಗುತ್ತಿತ್ತು. ಐದು ತಿಂಗಳು ನನ್ನ ಪಕ್ಕದಲ್ಲೇ ಮಲಗಿದ್ದ ಕೂಸು ನಾಳೆಯಿಂದ ಇರುವುದಿಲ್ಲ. ಇಷ್ಟು ಮುದ್ದು ಕೂಸಿಗೆ ಒಣ ರೊಟ್ಟಿಯ ಚೂರೇ? ಸಿಹಿ ಇಟ್ಟರೆ ನಮ್ಮನ್ನು ಮರೆಯುವುದಿಲ್ಲ ಎನ್ನಿಸಿತು. ರೊಟ್ಟಿಯ ಚೂರನ್ನು ನಾನೇ ತಿಂದು, ನನ್ನ ಪಾಲಿನ ಹೋಳಿಗೆಯಲ್ಲಿ ಅರ್ಧ ಮುರಿದು ಕೌದಿಯೊಳಗೆ ತಳ್ಳಿ ಬಾಯಿ ಮುಚ್ಚಿಬಿಟ್ಟೆ. ಅಕ್ಕನಿಗೂ ಹೇಳಲಿಲ್ಲ.

ಮಧ್ಯಾಹ್ನ ಅವ್ವ ಬಂದಳು. ಮುಗಿಯಿತೇ ಎಂದು ಕೇಳಿದಳು, ಮುಗಿಯಿತು ಎಂದೆ. ಸಂಜೆ ಆಟೋ ಬಂತು. ಊರಿನವರೆಗೆ ಬಿಟ್ಟು ಬರಲು ಹೊರಟಿದ್ದ ಅಪ್ಪ ಮುಂದೆ ಡ್ರೈವರ್ ಪಕ್ಕ ತೂರಿಕೊಂಡ. ಹಿಂದೆ ಅವ್ವ, ಅಕ್ಕ, ನಾನು, ಗಂಟುಮೂಟೆ. ಅಕ್ಕನ ಮಡಿಲಲ್ಲಿ ಕೌದಿ, ಕೌದಿಯ ಮೇಲೆ ಕೂಸು. ಗೇಟಿನ ಹತ್ತಿರ ಬರುವುದಕ್ಕೂ ಗೇಟು ಬೀಳುವುದಕ್ಕೂ ಸರಿಹೋಯಿತು. ಅದೇ ಹೊತ್ತಿಗೆ ಕೂಸು ಚಿಟ್ಟನೆ ಚೀರಿತು.

ಪುಟ್ಟ ಪಾದದ ಮೇಲೆ ಒಂದು ಕೆಂಪಿರುವೆ ಕಚ್ಚಿ ಹಿಡಿದಿತ್ತು. ಅಕ್ಕ ಕಿತ್ತು ಎಸೆದಳು. ಮತ್ತೊಂದು ಬಂತು. ನೋಡಿದರೆ ನನ್ನ ಹೊಲಿಗೆಯ ಸಂದಿಯಿಂದ ಇರುವೆಗಳು ಸಾಲುಗಟ್ಟಿ ಹೊರಗೆ ಬರುತ್ತಿದ್ದವು. ಅವ್ವ ಕೌದಿಯನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದಳು.

"ಒಣ ರೊಟ್ಟಿ ಕೂಸಿಗಿ ಸೇರಂಗಿಲ್ಲ ಅಂತ ನನ್ನ ಹೋಳಿಗಿ ಇಟ್ಟೀನಿ" ಎಂದೆ. ಹೇಳುತ್ತ ಹೇಳುತ್ತ ಅಳು ಬಂತು.

ಅವ್ವ ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಕೌದಿಯನ್ನು ಬಿಟ್ಟು ಹೋಗೋಣವೇ ಎಂದು ಅಕ್ಕ ಮೆಲ್ಲಗೆ ಕೇಳಿದಳು. ಅವಳ ಕಣ್ಣಲ್ಲೂ ನೀರಿತ್ತು. ಡ್ರೈವರ್ ಎಂಜಿನ್ ಆರಿಸಿ, "ಗೂಡ್ಸ್ ಗಾಡಿ ಅಮ್ಮಾ, ಉದ್ದ ಇರತ್ತೆ, ಟೈಮ್ ಐತೆ" ಎಂದ. ಅವ್ವ ವಾಯರ್ ಬ್ಯಾಗಿಗೆ ಕೈ ಹಾಕಿ ಎರಡು ಸೂಜಿ ತೆಗೆದಳು.

"ಆ ತುದಿ ನಿಂದು, ಈ ತುದಿ ನಂದು. ಒಂದು ಗೇಟಿನ್ಯಾಗ ಮುಗಿಬೇಕು."

ನಾನು ಗಂಟು ಸರಿಯಾಗಿ ಹಾಕಿರಲಿಲ್ಲ, ಅದೇ ಒಳ್ಳೆಯದಾಯಿತು. ಎಳೆದ ಕೂಡಲೇ ದಾರ ಸರಸರ ಬಿಚ್ಚಿಕೊಂಡಿತು. ಅಪ್ಪ ಕೂಸನ್ನು ಎತ್ತಿಕೊಂಡು ರೈಲು ತೋರಿಸಲು ಇಳಿದ. ಅವ್ವ ಹೋಳಿಗೆ ತೆಗೆದು ಎಸೆದು, ರಸ್ತೆಯ ಬದಿಗೆ ಕೌದಿಯನ್ನು ನಾಲ್ಕು ಸಲ ಜಾಡಿಸಿದಳು. ಬುತ್ತಿಯ ಗಂಟಿನಿಂದ ರೊಟ್ಟಿಯ ಒಣ ಅಂಚು ಮುರಿದು ಅಕ್ಕನೇ ಒಳಗಿಟ್ಟಳು. ಆಮೇಲೆ ನಾವಿಬ್ಬರೂ ತಲೆ ಬಗ್ಗಿಸಿದೆವು. ಗೂಡ್ಸ್ ಗಾಡಿಯ ಸದ್ದಿಗೆ ಆಟೋ ನಡುಗುತ್ತಿತ್ತು, ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು, ನಿಲ್ಲಿಸಲಿಲ್ಲ. ಅವ್ವ ಎರಡೂವರೆ ಗೇಣು ಮುಗಿಸಿ ನನ್ನ ಕಡೆಗೆ ಬಂದಳು, ನಾನು ಒಂದೂವರೆ. ಕೊನೆಯ ಡಬ್ಬಿ ದಾಟಿ ಗೇಟಿನ ಗಂಟೆ ಬಾರಿಸಿದಾಗ ನಮ್ಮ ಎರಡು ಸೂಜಿಗಳೂ ಒಂದೇ ಕಡೆ ಬಂದು ನಿಂತಿದ್ದವು. ಅವ್ವ ಎರಡು ದಾರಗಳನ್ನೂ ಸೇರಿಸಿ ಗಂಟು ಹಾಕಿ ಹಲ್ಲಿನಿಂದ ಕಡಿದಳು. ಆಮೇಲೆ ಅಕ್ಕನಿಗೆ ಹೇಳಿದಳು, "ನಾನು ಕೌದಿಗಿ ಬುತ್ತಿ ಕಟ್ಟು ಅಂದ್ರ, ಇಕಿ ಹಬ್ಬಾನ ಮಾಡ್ಯಾಳ." ಆಟೋದಲ್ಲಿ ಎಲ್ಲರೂ ನಕ್ಕರು. ನಾನೂ ಅಳುತ್ತಲೇ ನಕ್ಕೆ.

ಎರಡು ದಿನ ಬಿಟ್ಟು ಅಕ್ಕ ಎಸ್‌ಟಿಡಿ ಬೂತಿಗೆ ಫೋನು ಮಾಡಿದಳು. ರೈಲಿನಲ್ಲಿ ಕೂಸಿಗೆ ರಾತ್ರಿಯೆಲ್ಲ ಎಚ್ಚರವಾಗಲೇ ಇಲ್ಲವಂತೆ.

ಮಕ್ಕಳೇ, ಆ ಕೌದಿ ಆಮೇಲೆ ಅಕ್ಕನ ಮನೆಯಿಂದ ನನ್ನ ಮನೆಗೆ ಬಂತು. ನನ್ನ ಮಗಳು, ಅಂದರೆ ನಿಮ್ಮಮ್ಮ, ಅದರ ಮೇಲೆ ಮಲಗಿದಳು, ನೀವಿಬ್ಬರೂ ಮಲಗಿದಿರಿ, ಒದ್ದೆಯನ್ನೂ ಮಾಡಿದಿರಿ. ಒಂದು ಅಂಚಿನಲ್ಲಿ ಎರಡೂವರೆ ಗೇಣು ಅಕ್ಕಿಕಾಳು ಜೋಡಿಸಿದಂತಹ ಹೊಲಿಗೆ, ಒಂದೂವರೆ ಗೇಣು ಕಾಗೆಕಾಲು. ಯಾವುದು ಯಾರದೆಂದು ನೀವು ಕೇಳುವುದೇ ಬೇಡ.

ನಿಮಗೆ ನೀರಿಗೆ ಕಾಯುವ ಕೆಲಸವಿಲ್ಲ, ನಲ್ಲಿ ಮನೆಯೊಳಗೇ ಇದೆ. ಆದರೂ ಲಿಫ್ಟಿಗೆ ಕಾಯುತ್ತೀರಿ, ಶಾಲೆಯ ವ್ಯಾನಿಗೆ ಕಾಯುತ್ತೀರಿ, ತಿಂಡಿ ತಂದುಕೊಡುವವರಿಗೆ ಕಾಯುತ್ತೀರಿ. ಹೋಳಿಗೆಗೆ ಇರುವೆ ಮುತ್ತಿದ ಹಾಗೆ ನಿಮ್ಮ ಆ ಐದು ನಿಮಿಷಕ್ಕೆ ಫೋನು ಮುತ್ತುತ್ತದೆ. ನನ್ನದಕ್ಕೂ ಮುತ್ತುತ್ತದೆ, ಸುಳ್ಳು ಹೇಳುವುದಿಲ್ಲ. ಅವ್ವನ ಮಾತು ನೆನಪಾದಾಗ ಅದನ್ನು ಪಕ್ಕಕ್ಕಿಡುತ್ತೇನೆ.

ಬರುವ ತಿಂಗಳು ನಿಮ್ಮ ಚಿಕ್ಕಮ್ಮನಿಗೆ ಮಗು ಹುಟ್ಟುತ್ತದೆ. ಹೊಸ ಕೌದಿ ಮೂರು ಬದಿ ಮುಗಿದಿದೆ. ನಿಮ್ಮಮ್ಮನ ಓಢಣಿ ಇದೆ, ನಿಮ್ಮ ಚಿಕ್ಕದಾದ ಯೂನಿಫಾರ್ಮುಗಳಿವೆ. ನಾಲ್ಕನೆಯ ಬದಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ನಾಳೆ ಬೆಳಗ್ಗೆ ಶೂ ಹಾಕಿಕೊಂಡು ವ್ಯಾನಿಗೆ ಕಾಯುವಾಗ ಬಾಗಿಲ ಹತ್ತಿರದ ಕುರ್ಚಿಯ ಮೇಲೆ ನೋಡಿ. ಎರಡು ಸೂಜಿಗೆ ದಾರ ಪೋಣಿಸಿ ಇಟ್ಟಿದ್ದೇನೆ. ಆ ತುದಿ ನಿಮ್ಮದು, ಈ ತುದಿ ನನ್ನದು.