ಹೆಳವಜ್ಜ ಒಯ್ದ ಕೆಂಪು ಪೆನ್ನು

ಒಣಗಿದ ಬೇವಿನ ಎಲೆಯ ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸೋಲಾಪುರದ ಎರಡನೇ ಮಹಡಿಯಲ್ಲಿ ಕೂತಿದ್ದ ನಾನು ಮೈಂದರ್ಗಿಯ ನಮ್ಮ ಅಂಗಳಕ್ಕೆ ಹೋಗಿಬಿಟ್ಟೆ. ಕಳೆದ ವಾರ ಹೆಳವಜ್ಜನ ಮಗ ಮನೆ ಹುಡುಕಿಕೊಂಡು ಬಂದಿದ್ದ. ಕೆಂಪು ಬಟ್ಟೆಯ ಗಂಟು ಬಿಚ್ಚಿ ಆ ಹಳೆಯ ಪುಸ್ತಕವನ್ನು ಮೇಜಿನ ಮೇಲಿಟ್ಟ. ಹುಳ ಹತ್ತಬಾರದೆಂದು ಹಾಳೆಗಳ ನಡುವೆ ಅಜ್ಜ ಇಟ್ಟಿದ್ದ ಬೇವಿನ ಎಲೆಗಳು ಪುಡಿಯಾಗಿದ್ದವು.

ಹೆಳವಜ್ಜನೆಂದರೆ ನಮ್ಮ ಮನೆತನದ ಹಿರಿಯರ ಹೆಸರುಗಳನ್ನು ಬರೆದಿಟ್ಟುಕೊಂಡು, ಮನೆ ಮುಂದೆ ಬಂದು ಹಾಡಿ ಹೇಳುವವನು. ಸುಗ್ಗಿ ಮುಗಿದ ಮೇಲೆ, ಮೂರು ನಾಲ್ಕು ವರ್ಷಕ್ಕೊಮ್ಮೆ, ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದ. ಇಳಿಯುತ್ತಿರಲಿಲ್ಲ, ಅಲ್ಲಿಂದಲೇ ಶುರು: "ಹುಲಜಂತಿ ಬಿಟ್ಟು ಸಂಗಪ್ಪ ಬಂದಾನ, ಬೀಸುಕಲ್ಲು ಹೊತ್ತು ತಂದಾನ... ಸಂಗಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಗುರಪ್ಪ..." ಅಪ್ಪ ಕೈಮುಗಿದು ಕೇಳುತ್ತಿದ್ದ. ನನಗಾಗ ಹತ್ತು ವರ್ಷ. ಹೆಸರುಗಳು ನನ್ನ ತಮ್ಮನವರೆಗೆ ಬಂದು ನಿಂತವು.

"ಅಜ್ಜಾ, ನನ್ನ ಹೆಸರ ಎಲ್ಲದ?"

"ಹೆಣ್ಣಮಕ್ಕಳದು ಕೊಟ್ಟ ಮನಿ ಹೆಳವ ಬರಕೋತಾನವ್ವ."

"ಹಂಗಾದ್ರ ಆ ಬೀಸುಕಲ್ಲ ಬೀಸಿದಾಕಿ ಯಾರು? ಸಂಗಪ್ಪನೇ ಕುಂತು ಬೀಸಿದ್ನೇನು?"

ಅಜ್ಜ ಎತ್ತಿನ ಮೇಲೆಯೇ ಅಲುಗಾಡಿ ನಕ್ಕ. ಅಪ್ಪ ಕಣ್ಣು ಕೆಂಪಗೆ ಮಾಡಿದ. ನಾನೇನು ಬಿಟ್ಟೇನೇ? ಅಜ್ಜನಿಗೆ ಕೊಡಲು ತುಂಬಿಟ್ಟಿದ್ದ ಜೋಳದ ಮೊರವನ್ನೇ ಎತ್ತಿಕೊಂಡು ಒಳಗೆ ಓಡಿ ಬಾಗಿಲು ಹಾಕಿಕೊಂಡೆ! ಅಂದಿನಿಂದ ಅವನ ಬಾಯಲ್ಲಿ ನಾನು ಜಗಳಗಂಟಿ. ಮುಂದೆ ಪ್ರತಿ ಸಲವೂ ಗಂಟೆಗಿಂತ ಮೊದಲು ಅವನ ಕೂಗು ಕೇಳುತ್ತಿತ್ತು: "ಜಗಳಗಂಟಿ ಅದಾಳೇನು, ಇಲ್ಲ ಕೊಟ್ರೇನು?" ಆ ಕೂಗಿಗಾಗಿ ನಾನು ಕಾಯುತ್ತಿದ್ದೆ.

ಕೊಡಲಿಲ್ಲ. ಮದುವೆ ಯಾಕೆ ಕೂಡಿಬರಲಿಲ್ಲ ಎಂಬುದು ದೊಡ್ಡ ಕಥೆ, ಈಗ ಬೇಡ... ಸೋಲಾಪುರದ ಒಂದು ಕಚೇರಿಯಲ್ಲಿ ಕ್ಲಾರ್ಕ್ ಕೆಲಸ ಸಿಕ್ಕಿತು, ಇಲ್ಲೇ ಉಳಿದೆ. ಮೂವತ್ತು ದಾಟಿದ ಮೇಲೆ ಒಮ್ಮೆ ರಜೆಗೆ ಊರಿಗೆ ಹೋಗಿದ್ದಾಗ ಅಜ್ಜ ಬಂದ. ಪೂರ್ತಿ ಮುದುಕನಾಗಿದ್ದ. ಎತ್ತು ಇರಲಿಲ್ಲ, ಅಕ್ಕಲಕೋಟೆಯಿಂದ ಬಸ್ಸಿನಲ್ಲಿ ಬಂದಿದ್ದ. ಚಹಾ ಕೊಡುತ್ತ ನಾನೇ ಕೆಣಕಿದೆ.

"ಈಗ ಹ್ಯಾಂಗ ಅಜ್ಜಾ? ಈ ಪುಸ್ತಕದಾಗೂ ಇಲ್ಲ, ಆ ಪುಸ್ತಕದಾಗೂ ಇಲ್ಲ. ನಾ ಹುಟ್ಟೇ ಇಲ್ಲೇನು?"

ನಗುತ್ತಲೇ ಕೇಳಿದ್ದೆ. ಅಜ್ಜ ನಗಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು, "ನಿನ್ನ ಪೆನ್ನ ಕೊಡವ್ವ, ನಂದು ಬರೀವಲ್ದು," ಅಂದ. ಚೀಲದಲ್ಲಿದ್ದ ಆಫೀಸಿನ ಕೆಂಪು ಪೆನ್ನು ಕೊಟ್ಟು ರೊಟ್ಟಿ ನೋಡಲು ಒಳಗೆ ಹೋದೆ. ಬರುವಷ್ಟರಲ್ಲಿ ಅಜ್ಜನೂ ಇಲ್ಲ, ಪೆನ್ನೂ ಇಲ್ಲ! ಹೆಳವಜ್ಜ ನನ್ನ ಪೆನ್ನು ಹೊಡೆದುಕೊಂಡು ಹೋದನೆಂದು ಆಫೀಸಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ. ಅವನು ಮತ್ತೆ ಬರಲೇ ಇಲ್ಲ...

"ಅಪ್ಪ ಹೋಗಿ ಭಾಳ ವರ್ಷ ಆತ್ರಿ ಅಕ್ಕಾರ," ಎಂದ ಕಳೆದ ವಾರ ಬಂದ ಅವನ ಮಗ. "ನಾ ಮರಾಠಿ ಸಾಲಿ ಕಲ್ತಾಂವ, ಕನ್ನಡ ಓದಾಕ ಬರೂದಿಲ್ಲ. ನೀವು ಓದಿ ಹೇಳ್ರಿ, ನಾ ಮೊಬೈಲನಾಗ ಮರಾಠಿಯೊಳಗ ಬರಕೋತೀನಿ."

ಹೆಳವನಿಗೆ ನಾವೇ ನಮ್ಮ ವಂಶ ಓದಿ ಹೇಳುವ ಕಾಲ ಬಂತಲ್ಲಪ್ಪಾ ಎಂದುಕೊಳ್ಳುತ್ತ ಕನ್ನಡಕ ಹಾಕಿಕೊಂಡೆ. ಸಂಗಪ್ಪ, ಮಲ್ಲಪ್ಪ, ಗುರಪ್ಪ... ಎಲ್ಲ ಕಪ್ಪು ಶಾಯಿ. ಕೊನೆಗೆ ತಮ್ಮನ ಹೆಸರು. ಅದರ ಮೇಲಿನ ಇಕ್ಕಟ್ಟಿನ ಜಾಗದಲ್ಲಿ, ಇಡೀ ಪುಸ್ತಕದಲ್ಲೇ ಒಂದೇ ಒಂದು ಕೆಂಪು ಸಾಲು, ನಡುಗುವ ಅಕ್ಷರದಲ್ಲಿ:

"ಇವನ ಅಕ್ಕ ಶಾಂತವ್ವ. ಜಗಳಗಂಟಿ. ಈ ಮನಿಯಾಕಿ."

ಕಳ್ಳ ಅಂದಿದ್ದೆನಲ್ಲ ಅಜ್ಜಾ ನಿನ್ನನ್ನ... ಕನ್ನಡಕ ತೆಗೆದು ಒರೆಸಿಕೊಂಡು, ಆ ಸಾಲನ್ನು ಗಟ್ಟಿಯಾಗಿ ಎರಡು ಸಲ ಓದಿದೆ.

ಬರೆದುಕೊಳ್ಳುತ್ತಿದ್ದ ಮಗನ ಬೆರಳು ನಿಂತಿತು. "ಜಗಳಗಂಟಿಗೆ ಮರಾಠಿಯೊಳಗ ಭಾಂಡಖೋರ ಅಂತ ಬರೀಲ್ರಿ?"

"ಬ್ಯಾಡ ತಮ್ಮಾ. ಜಗಳಗಂಟಿ ಅಂತನ ಬರಿ."

ನನ್ನನ್ನು ಹಾಗೆ ಕರೆಯುವವರು ಈಗ ಯಾರೂ ಉಳಿದಿಲ್ಲ.